ಓವರ್‌ಡ್ರೈವ್ ಬೀಳುತ್ತಿಲ್ಲ ಅಂತ ಬಾಕ್ಸ್ ಇಳಿಸುವ ಮುಂಚೆ

ಕಾಸರಗೋಡಿನ ಬದಿಯಡ್ಕದಲ್ಲಿ ವರ್ಕ್‌ಶಾಪ್‌ನವರು, ಡ್ರೈವರ್‌ಗಳು, ಕಾರು ಇಟ್ಟುಕೊಂಡವರು ಸೇರಿದ್ದ ಒಂದು ಕೂಟದಲ್ಲಿ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಅದರದರ ಜಾಗದಲ್ಲೇ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳುತ್ತದೆ ಅಲ್ವಾ?

ಇವತ್ತು ಆಟೋಮ್ಯಾಟಿಕ್ ಗಾಡಿಗಳ ಒಂದೇ ಕಂಪ್ಲೇಂಟಿನ ಬಗ್ಗೆ ಮಾತಾಡುತ್ತೇನೆ. ಗಿರಾಕಿ ಬಂದು ಹೇಳುವುದು ಹೆಚ್ಚುಕಡಿಮೆ ಹೀಗಿರುತ್ತದೆ: "ಅಣ್ಣ, ಗಾಡಿ ಓಡುತ್ತದೆ, ಪಿಕಪ್ಪೂ ಇದೆ. ಆದರೆ ಹೈವೇಗೆ ಹೋದರೆ ಎಂಜಿನ್ ಕೂಗುತ್ತದೆ. ಪೆಟ್ರೋಲ್ ಕುಡಿಯುತ್ತದೆ." ಓಡಿಸಿ ನೋಡಿದರೆ ಒಂದು, ಎರಡು, ಮೂರು ಸರಿಯಾಗಿ ಬೀಳುತ್ತವೆ. ನಾಲ್ಕನೆಯದು, ಅಂದರೆ ಓವರ್‌ಡ್ರೈವ್, ಬೀಳುವುದಿಲ್ಲ. ಇದಕ್ಕೆ ನಮ್ಮ ಕಡೆ ಸಿಗುವ ಉತ್ತರವೂ ಹೆಚ್ಚುಕಡಿಮೆ ಒಂದೇ. ಬಾಕ್ಸ್ ಹೋಗಿದೆ, ಅಂದರೆ ಗೇರ್‌ಬಾಕ್ಸ್ ಕೆಟ್ಟಿದೆ, ಇಳಿಸಬೇಕು.

ಇಳಿಸುವ ಮುಂಚೆ ಒಂದು ಪ್ರಶ್ನೆ ಕೇಳಿ ಅನ್ನುವುದೇ ನನ್ನ ಮಾತು. ನಾಲ್ಕಕ್ಕೆ ಹೋಗು ಅಂತ ಬಾಕ್ಸಿಗೆ ಅಪ್ಪಣೆ ಬಂದಿದೆಯಾ? ಬಂದಿದ್ದೂ ಹೋಗದಿದ್ದರೆ ತಪ್ಪು ಬಾಕ್ಸಿನದ್ದು. ಅಪ್ಪಣೆಯೇ ಬಾರದಿದ್ದರೆ ಬಾಕ್ಸ್ ಬಿಚ್ಚಿ ಹರವಿದರೂ ಏನೂ ಸಿಗುವುದಿಲ್ಲ. ಹೊಸ ಕ್ಲಚ್ ಪ್ಲೇಟ್ ಹಾಕಿ, ಹೊಸ ಎಣ್ಣೆ ತುಂಬಿ, ಮತ್ತೆ ಕೂರಿಸಿ ಓಡಿಸಿದರೆ ಮೂರರಲ್ಲೇ ಕೂಗುತ್ತದೆ. ಇಂಥ ಗಾಡಿಗಳು ನಮ್ಮಲ್ಲಿಗೆ ಬರುತ್ತವೆ. ಸಂಕಟ ಆಗುತ್ತದೆ.

ಓವರ್‌ಡ್ರೈವ್ ಅಂದರೆ ಏನು ಅಂತ ಬೇಗ ಹೇಳಿಬಿಡುತ್ತೇನೆ. ಹೆಚ್ಚಿನ ನಾಲ್ಕು ಗೇರಿನ ಆಟೋಮ್ಯಾಟಿಕ್‌ಗಳಲ್ಲಿ ಮೂರನೇ ಗೇರ್ ಒಂದಕ್ಕೊಂದು. ಒಳಗೆ ಒಂದು ಸುತ್ತು ಬಂದರೆ ಹೊರಗೂ ಒಂದು ಸುತ್ತು. ನಾಲ್ಕರಲ್ಲಿ ಒಳಗೆ ಮುಕ್ಕಾಲು ಸುತ್ತೂ ಬೇಡ, ಹೊರಗೆ ಪೂರ್ತಿ ಒಂದು ಸುತ್ತು. ಟೊಯೋಟಾದ ಎ340ಇ ಬಾಕ್ಸಿನಲ್ಲಿ ಈ ಅಂಕಿ 0.705. ಜನರಲ್ ಮೋಟರ್ಸ್‌ನ 4ಎಲ್60ಇಯಲ್ಲಿ 0.70. ಫೋರ್ಡಿನ ಹಳೇ ಎಓಡಿಯಲ್ಲಿ 0.67. ಗೇರುಗಳ ಎಣಿಕೆಗೂ ಓವರ್‌ಡ್ರೈವಿಗೂ ಸಂಬಂಧ ಇಲ್ಲ. 1940ರ ಓಲ್ಡ್ಸ್‌ಮೊಬೈಲ್ ಕಾರಿನ ಹೈಡ್ರಾಮ್ಯಾಟಿಕ್‌ಗೂ ನಾಲ್ಕು ಗೇರ್ ಇತ್ತು. ಆದರೆ ಅದರ ನಾಲ್ಕನೆಯದು ಒಂದಕ್ಕೊಂದೇ. 1973ರಲ್ಲಿ ಎಣ್ಣೆ ಬೆಲೆ ಏರಿದ ಮೇಲೆ ಕಂಪನಿಗಳಿಗೆ ಮೈಲೇಜಿನ ಚಿಂತೆ ಹತ್ತಿತು. ಆಟೋಮ್ಯಾಟಿಕ್‌ಗಳಿಗೆ ಓವರ್‌ಡ್ರೈವ್ ಸೇರಿಸುವುದು ರೂಢಿಯಾದದ್ದು ಅದರ ನಂತರ.

ಎ340ರ ಒಳಗೆ ಇದಕ್ಕಂತಲೇ ಒಂದು ಪ್ಲಾನೆಟರಿ ಸೆಟ್ ಇದೆ, ಅಂದರೆ ನಡುವಿನ ಒಂದು ಗೇರಿನ ಸುತ್ತ ಸಣ್ಣ ಗೇರುಗಳು ತಿರುಗುವ ಗುಂಪು. ನಡುವಿನ ಸನ್ ಗೇರನ್ನು ಬಾಕ್ಸಿನೊಳಗಿನ ಒಂದು ಬ್ರೇಕ್ ಹಿಡಿದು ನಿಲ್ಲಿಸುತ್ತದೆ. ಎಂಜಿನ್ ಕಡೆಯ ಸುತ್ತು ಆ ಸಣ್ಣ ಗೇರುಗಳನ್ನು ಹಿಡಿದಿರುವ ಪ್ಲಾನೆಟ್ ಕ್ಯಾರಿಯರ್‌ಗೆ ಬರುತ್ತದೆ. ಹೊರಗಿನ ರಿಂಗ್ ಗೇರ್ ಅದಕ್ಕಿಂತ ಜೋರಾಗಿ ತಿರುಗುತ್ತದೆ. ಆ ಬ್ರೇಕ್ ಹಿಡಿಯದಿದ್ದರೆ ಓವರ್‌ಡ್ರೈವ್ ಇಲ್ಲ. ಮೆಕ್ಯಾನಿಕಲ್ ಭಾಗ ಇಷ್ಟೇ. ಹಿಡಿಯಲು ಎಣ್ಣೆಯ ಒತ್ತಡ ಬೇಕು, ಒತ್ತಡ ಕಳಿಸಲು ವಾಲ್ವ್ ಬೇಕು, ವಾಲ್ವ್ ಸರಿಸಲು ಕರೆಂಟಿನಿಂದ ಕೆಲಸ ಮಾಡುವ ಸೊಲೆನಾಯ್ಡ್ ಬೇಕು, ಸೊಲೆನಾಯ್ಡಿಗೆ ಹೇಳಲು ಇಸಿಯು ಬೇಕು. ಇಸಿಯು ಅಂದರೆ ಗಾಡಿಯ ಕಂಪ್ಯೂಟರ್. ತಪ್ಪು ಈ ಸಾಲಿನಲ್ಲಿ ಎಲ್ಲಿ ಬೇಕಾದರೂ ಇರಬಹುದು. ಆದರೆ ನಾವು ಶುರು ಮಾಡುವುದು ಯಾವಾಗಲೂ ಸಾಲಿನ ತುದಿಯಿಂದ, ಅಂದರೆ ಅತಿ ಹೆಚ್ಚು ದುಡ್ಡು ಬೀಳುವ ಕಡೆಯಿಂದ.

ಈಗ ಕೆಲಸಕ್ಕೆ ಬರೋಣ. ಮೊದಲು, ಓವರ್‌ಡ್ರೈವ್ ನಿಜವಾಗಿಯೂ ಇಲ್ಲವಾ ಅಂತ ನೋಡಬೇಕು. ನಗಬೇಡಿ. ಬದಿಯಡ್ಕದಿಂದ ಮುಳ್ಳೇರಿಯಕ್ಕೋ ಪೆರ್ಲಕ್ಕೋ ಹೋಗಿ ಬಂದು "ನಾಲ್ಕು ಬೀಳಲೇ ಇಲ್ಲ" ಅನ್ನುವವರಿದ್ದಾರೆ. ಆ ತಿರುವು, ಆ ಏರಿನಲ್ಲಿ ನಾಲ್ಕು ಬಿದ್ದರೇ ಆಶ್ಚರ್ಯ. ಹಳೇ ನಾಲ್ಕು ಗೇರಿನ ಗಾಡಿಗಳಲ್ಲಿ ಹಗುರ ಕಾಲಿಟ್ಟರೂ ಓವರ್‌ಡ್ರೈವ್ ಬೀಳುವುದು ಸುಮಾರು 60ರ ಆಸುಪಾಸಿನ ವೇಗದಲ್ಲಿ. ಗಾಡಿಯಿಂದ ಗಾಡಿಗೆ ಸ್ವಲ್ಪ ಆಚೀಚೆ. ಐದು ಜನ ಕೂತು, ಎಸಿ ಹಾಕಿ, ಮೇಲೆ ಲಗೇಜ್ ಕಟ್ಟಿ ಏರು ಹತ್ತುವಾಗ ಅದು ಮೂರರಲ್ಲೇ ಇರಬೇಕು. ಸಂಪಾಜೆ ಘಾಟಿಯಲ್ಲಿ ನಾಲ್ಕಕ್ಕೆ ಹಾರಿ ಮತ್ತೆ ಮೂರಕ್ಕೆ ಇಳಿದು ಒದ್ದಾಡುವ ಗಾಡಿಗೆ ಬಟನ್ ಒತ್ತಿ ಓವರ್‌ಡ್ರೈವ್ ಬಂದ್ ಮಾಡುವುದೇ ಒಳ್ಳೆಯದು.

ಹಾಗಾಗಿ ಟೆಸ್ಟಿಗೆ ಸಮತಟ್ಟು ರಸ್ತೆ ಬೇಕು. ನಮಗೆ ಈಗ ಅದು ಸುಲಭ. ತಲಪಾಡಿಯಿಂದ ಚೆಂಗಳದವರೆಗೆ ಆರು ಪಥದ ಹೆದ್ದಾರಿ ಇದೆ. ಹಿಂದೆ ಕುಂಬಳೆ ಪೇಟೆ ದಾಟುವುದರೊಳಗೆ ಟೆಸ್ಟ್ ಮಾಡುವ ಮನಸ್ಸೇ ಹೋಗುತ್ತಿತ್ತು. ಎಂಜಿನ್ ಪೂರ್ತಿ ಬಿಸಿಯಾಗಿರಲಿ, ಎಸಿ ಬಂದ್ ಇರಲಿ. ಡ್ಯಾಶ್‌ಬೋರ್ಡಿನಲ್ಲಿ "ಓ/ಡಿ ಆಫ್" ದೀಪ ಉರಿಯುತ್ತಿದೆಯಾ ನೋಡಿ. ಉರಿಯುತ್ತಿದ್ದರೆ ಲಿವರಿನ ಬದಿಯ ಬಟನ್ ಒಮ್ಮೆ ಒತ್ತಿ. ಯಾರದೋ ಕೈ ತಾಗಿ ಬಟನ್ ಬದಲಾಗಿ, ತಿಂಗಳುಗಟ್ಟಲೆ ಮೂರರಲ್ಲೇ ಓಡಿದ ಗಾಡಿಗಳಿವೆ. ರಿಪೇರಿ ಅಲ್ಲಿಗೇ ಮುಗಿಯಿತು.

ದೀಪ ಉರಿಯದಿದ್ದರೆ 80ರಲ್ಲಿ ಗಾಡಿ ಹಿಡಿದುಕೊಂಡು ಎಂಜಿನ್ ಸುತ್ತು ತೋರಿಸುವ ಟ್ಯಾಕೋಮೀಟರ್ ನೋಡಿ. ಲೆಕ್ಕ ಬೇಕಾ? 185/65 ಆರ್15 ಟಯರ್ ಒಂದು ಸುತ್ತಿಗೆ ಸುಮಾರು 1.95 ಮೀಟರ್ ಹೋಗುತ್ತದೆ. ಗಂಟೆಗೆ 80 ಕಿಲೋಮೀಟರ್ ಅಂದರೆ ನಿಮಿಷಕ್ಕೆ 1333 ಮೀಟರ್. ಅಂದರೆ ಚಕ್ರ ನಿಮಿಷಕ್ಕೆ ಸುಮಾರು 683 ಸುತ್ತು. ಫೈನಲ್ ಡ್ರೈವ್, ಅಂದರೆ ಚಕ್ರಕ್ಕೆ ಹೋಗುವ ಕೊನೆಯ ಗೇರಿನ ಅನುಪಾತ, 4.1 ಅಂತ ಹಿಡಿದರೆ ಮೂರನೇ ಗೇರಿನಲ್ಲಿ ಎಂಜಿನ್ 2800ರ ಹತ್ತಿರ ಇರಬೇಕು. ನಾಲ್ಕರಲ್ಲಿ ಅದರ 0.7 ಪಾಲು, 1960. ನಿಮ್ಮ ಗಾಡಿಯ ಅಂಕಿ ಹಾಕಿ ಲೆಕ್ಕ ಮಾಡಿಕೊಳ್ಳಿ. ಸಣ್ಣ ಕಾಗದದಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿ ಟೆಸ್ಟಿಗೆ ಹೋಗಿ. ಅಂದಾಜಿನಲ್ಲಿ ಹೋದರೆ "ಸ್ವಲ್ಪ ಜಾಸ್ತಿ ಇದ್ದ ಹಾಗೆ ಕಾಣುತ್ತದೆ" ಅನ್ನುವುದಕ್ಕಿಂತ ಮುಂದೆ ಹೋಗಲಿಕ್ಕಾಗುವುದಿಲ್ಲ.

ಲೆಕ್ಕ ಬೇಡ ಅನ್ನುವವರಿಗೆ ಇನ್ನೂ ಸುಲಭದ್ದು ಇದೆ. 80ರಲ್ಲಿ ಓ/ಡಿ ಬಟನ್ ಒತ್ತಿ. ಮುಳ್ಳು ಒಂದೇ ಸಲ 2000ದಿಂದ 2800ಕ್ಕೆ ಹಾರಿದರೆ ಗಾಡಿ ಅಷ್ಟು ಹೊತ್ತು ನಾಲ್ಕರಲ್ಲೇ ಇತ್ತು ಅಂತ ಅರ್ಥ. ಓವರ್‌ಡ್ರೈವ್ ಚೆನ್ನಾಗಿದೆ. ಮುಳ್ಳು ಅಲ್ಲಾಡದಿದ್ದರೆ ನಾಲ್ಕು ಬಿದ್ದೇ ಇರಲಿಲ್ಲ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಒಳ್ಳೆಯ ಮೆಕ್ಯಾನಿಕ್‌ಗಳೂ ಇಲ್ಲಿ ಎಡವುತ್ತಾರೆ. ಹೈವೇಯಲ್ಲಿ ಎಂಜಿನ್ ಕೂಗಲು ಎರಡು ಕಾರಣ ಇರಬಹುದು. ಒಂದು, ನಾಲ್ಕು ಬೀಳದಿರುವುದು. ಇನ್ನೊಂದು, ನಾಲ್ಕು ಬಿದ್ದಿದ್ದರೂ ಟಾರ್ಕ್ ಕನ್ವರ್ಟರಿನ ಲಾಕಪ್ ಆಗದಿರುವುದು. ಎಂಜಿನ್ನಿಗೂ ಬಾಕ್ಸಿಗೂ ನಡುವೆ ಕೂತು ಎಣ್ಣೆಯ ಮೂಲಕ ತಿರುಗುವ ಕನ್ವರ್ಟರ್ ಸದಾ ಸ್ವಲ್ಪ ಜಾರುತ್ತದೆ. ವೇಗ ಒಂದೇ ಮಟ್ಟಕ್ಕೆ ಬಂದ ಮೇಲೆ ಒಳಗಿನ ಕ್ಲಚ್ ಹಿಡಿದು ಆ ಜಾರುವಿಕೆಯನ್ನು ನಿಲ್ಲಿಸುತ್ತದೆ. ಅದೇ ಲಾಕಪ್. ನಾಲ್ಕು ಬೀಳುವಾಗ ಮುಳ್ಳು 700–800 ಇಳಿಯುತ್ತದೆ. ಲಾಕಪ್ ಆದಾಗ ಇಳಿಯುವುದು 200–400ರಷ್ಟು ಮಾತ್ರ. ನಿಂತಲ್ಲಿಂದ ಹಗುರಕ್ಕೆ ಹೊರಟು ಮುಳ್ಳಿನ ಇಳಿತ ಎಣಿಸಿ. ನಾಲ್ಕು ಗೇರಿನ ಗಾಡಿಯಲ್ಲಿ ಗೇರಿನದ್ದು ಮೂರು ಇಳಿತ, ಲಾಕಪ್ಪಿನದ್ದು ಒಂದು. ಲಾಕಪ್ ಇದೆಯಾ ಅಂತ ತಿಳಿಯಲು ಒಂದೇ ವೇಗದಲ್ಲಿ ಹೋಗುವಾಗ ಆಕ್ಸಿಲರೇಟರ್ ಬಿಡದೆ ಎಡಗಾಲಿನಲ್ಲಿ ಬ್ರೇಕ್ ಪೆಡಲನ್ನು ಮುಟ್ಟಿದಷ್ಟೇ ಮುಟ್ಟಿ. ಬ್ರೇಕ್ ಲೈಟಿನ ಸ್ವಿಚ್ ಕೆಲಸ ಮಾಡಿದ ಕೂಡಲೇ ಲಾಕಪ್ ಬಿಡುತ್ತದೆ, ಮುಳ್ಳು ತುಸು ಏರುತ್ತದೆ. ಏರದಿದ್ದರೆ ಲಾಕಪ್ ಇರಲೇ ಇಲ್ಲ. ಆಗ ಬ್ರೇಕ್ ಲೈಟ್ ಸದಾ ಉರಿಯುತ್ತಿದೆಯಾ ನೋಡಿ. ಆ ಸ್ವಿಚ್ ಸರಿ ಮಾಡುವ ಹತ್ತಿಪ್ಪತ್ತು ನಿಮಿಷದ ಕೆಲಸಕ್ಕೆ ಬಾಕ್ಸ್ ಇಳಿಸಿದ ಕಥೆಗಳು ಇಲ್ಲೂ ಇವೆ. ಹಿಂದೆ ಗಾಡಿ ಇರುವಾಗ ಈ ಟೆಸ್ಟ್ ಬೇಡ, ಗುದ್ದಿಸಿಕೊಳ್ಳಬೇಡಿ.

ಸರಿ, ನಾಲ್ಕು ಬೀಳುತ್ತಿಲ್ಲ ಅನ್ನುವುದು ಖಚಿತ ಆಯಿತು. ಈಗ ಗಾಡಿಯ ಯಜಮಾನರನ್ನು ಕೇಳಬೇಕಾದ ಪ್ರಶ್ನೆ ಒಂದಿದೆ. ಇಸಿಯು ಓದುವ ಸ್ಕ್ಯಾನರ್‌ಗಿಂತ ಇದಕ್ಕೆ ಬೆಲೆ ಜಾಸ್ತಿ. "ತಣ್ಣಗಿರುವಾಗ ಬಂದು ಬಿಸಿಯಾದ ಮೇಲೆ ಹೋಗುತ್ತದಾ? ಅಥವಾ ತಣ್ಣಗಿರುವಾಗ ಬಾರದೆ ಬಿಸಿಯಾದ ಮೇಲೆ ಬರುತ್ತದಾ?"

ಬಿಸಿಯಾದ ಮೇಲೆ ಹೋಗುವುದು ಬಾಕ್ಸಿನ ಲಕ್ಷಣ. ಎಣ್ಣೆ ಬಿಸಿಯಾದರೆ ತೆಳ್ಳಗಾಗುತ್ತದೆ. ಗಟ್ಟಿಯಾದ ರಬ್ಬರ್ ಸೀಲಿನ ಬದಿಯಿಂದ ಸೋರುತ್ತದೆ. ಬ್ರೇಕ್ ಹಿಡಿಯುವಷ್ಟು ಒತ್ತಡ ಉಳಿಯುವುದಿಲ್ಲ. ಕೆಲವು ಸೊಲೆನಾಯ್ಡ್‌ಗಳ ಒಳಗಿನ ಕಾಯಿಲ್ ಬಿಸಿಯಾದಾಗ ಮಾತ್ರ ಕೈಕೊಡುವುದೂ ಇದೆ.

ತಣ್ಣಗಿರುವಾಗ ಬಾರದಿರುವುದು ಬೇರೆಯೇ ವಿಚಾರ. ಸ್ವಲ್ಪ ಹೊತ್ತು ಬಾರದಿದ್ದರೆ ಅದು ರೋಗವೇ ಅಲ್ಲ. ಎಂಜಿನ್ ಬೇಗ ಬಿಸಿಯಾಗಲಿ ಅಂತ ಇಸಿಯು ಬೇಕೆಂದೇ ಓವರ್‌ಡ್ರೈವ್ ತಡೆಯುತ್ತದೆ, ಲಾಕಪ್ಪನ್ನೂ ತಡೆಯುತ್ತದೆ. ಕೂಲಂಟ್, ಅಂದರೆ ಎಂಜಿನ್ ತಣಿಸುವ ನೀರು, ಎಷ್ಟು ಬಿಸಿಯಾದರೆ ಬಿಡುತ್ತದೆ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಸಾಮಾನ್ಯವಾಗಿ 50ರಿಂದ 70 ಡಿಗ್ರಿಯ ನಡುವೆ ಎಲ್ಲೋ ಇರುತ್ತದೆ. ಆ ಗೆರೆಯನ್ನು ಎಂಜಿನ್ ದಾಟಲೇ ಇಲ್ಲ ಅಂದರೆ? ನೀವು ಮಂಗಳೂರಿಗೆ ಹೋಗಿ ಬಂದರೂ ನಾಲ್ಕು ಬೀಳುವುದಿಲ್ಲ. ಬಾಕ್ಸ್ ಹೊಸದಾಗಿದ್ದರೂ ಬೀಳುವುದಿಲ್ಲ.

"ಇಷ್ಟು ಸೆಕೆಯ ಊರಲ್ಲಿ ಎಂಜಿನ್ ಬಿಸಿಯಾಗದೆ ಇರುತ್ತದಾ ಅಣ್ಣ?" ಅಂತ ಮುಂದೆ ಕೂತ ಹುಡುಗ ಕೇಳಿದ. ಇರುತ್ತದೆ, ನಾವೇ ಹಾಗೆ ಮಾಡಿಟ್ಟಿರುತ್ತೇವೆ. ಎಂಜಿನ್ ಓವರ್‌ಹೀಟ್ ಆದರೆ ನಮ್ಮ ಕಡೆ ಮೊದಲ ಔಷಧ ಯಾವುದು? ಥರ್ಮೋಸ್ಟಾಟ್ ಕಿತ್ತು ಬಿಸಾಡುವುದು. ಎಂಜಿನ್ ಬಿಸಿಯಾಗುವವರೆಗೆ ಕೂಲಂಟ್ ರೇಡಿಯೇಟರಿಗೆ ಹೋಗದಂತೆ ತಡೆಯುವ ವಾಲ್ವ್ ಅದು. "ನಮ್ಮ ಹವೆಗೆ ಅದು ಬೇಡ, ಅದು ಚಳಿ ದೇಶಕ್ಕೆ" ಅಂತ ಒಂದು ವಾದ ಬೇರೆ. ಕಾರ್ಬ್ಯುರೇಟರ್ ಇದ್ದ ಅಂಬಾಸಿಡರ್ ಕಾಲದಲ್ಲಿ ಹಾಗೆ ಮಾಡಿ ದಕ್ಕಿಸಿಕೊಂಡಿರಬಹುದು. ಇಸಿಯು ಇರುವ ಆಟೋಮ್ಯಾಟಿಕ್‌ನಲ್ಲಿ ಥರ್ಮೋಸ್ಟಾಟ್ ತೆಗೆದರೆ ನೀವು ಗೊತ್ತಿಲ್ಲದೆ ಗೇರ್‌ಬಾಕ್ಸಿಗೂ ಕೈ ಹಾಕಿದ ಹಾಗೆ.

ನೀರ್ಚಾಲು ಕಡೆಯ ಒಬ್ಬರು ನಿವೃತ್ತ ಮಾಷ್ಟ್ರ ಕಾರು ನಮ್ಮಲ್ಲಿಗೆ ಬಂದಿತ್ತು. ಹಳೇ ನಾಲ್ಕು ಗೇರಿನ ಆಟೋಮ್ಯಾಟಿಕ್. ಆಟಿ ತಿಂಗಳ ಮಳೆಯಲ್ಲಿ ಹೈವೇಗೆ ಹೋದರೆ ನಾಲ್ಕು ಬೀಳುವುದಿಲ್ಲ. ಕಾಸರಗೋಡು ಪೇಟೆಯ ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ಸಿಕ್ಕಿಹಾಕಿಕೊಂಡು ಹೊರಗೆ ಬಂದರೆ ಸ್ವಲ್ಪ ದೂರ ಬೀಳುತ್ತದೆ, ಮತ್ತೆ ಹೋಗುತ್ತದೆ. ಮಾರ್ಚ್–ಏಪ್ರಿಲ್‌ನಲ್ಲಿ ಏನೂ ತೊಂದರೆ ಇಲ್ಲ. ಬೇರೊಂದು ಕಡೆ ಬಾಕ್ಸ್ ಓವರಾಲ್ ಮಾಡಬೇಕು ಅಂದಿದ್ದರಂತೆ. ಮಾಷ್ಟ್ರು ಪುಣ್ಯಕ್ಕೆ ಎಲ್ಲವನ್ನೂ ಡೈರಿಯಲ್ಲಿ ಬರೆದಿಟ್ಟಿದ್ದರು. ಯಾವ ದಿನ ಬಿತ್ತು, ಯಾವ ದಿನ ಬೀಳಲಿಲ್ಲ, ಮಳೆ ಇತ್ತಾ ಇಲ್ಲವಾ. ಓದಿದರೆ ಉತ್ತರ ಅಲ್ಲೇ ಇತ್ತು. ಮಳೆ ಬಂದ ದಿನ, ಗಾಡಿ ಓಡುತ್ತಲೇ ಇದ್ದ ದಿನ ನಾಲ್ಕು ಇಲ್ಲ. ಸ್ಕ್ಯಾನರ್ ಸಿಕ್ಕಿಸಿ ಓಡಿಸಿದೆವು. ಕೂಲಂಟ್ 54 ಡಿಗ್ರಿಯಿಂದ ಮೇಲೆ ಏಳುವುದೇ ಇಲ್ಲ. ಹೌಸಿಂಗ್ ಬಿಚ್ಚಿದರೆ ಒಳಗೆ ಥರ್ಮೋಸ್ಟಾಟ್ ಇಲ್ಲ. ಹಿಂದೊಮ್ಮೆ ಬಿಸಿಯಾಗಿದ್ದಕ್ಕೆ ಯಾರೋ ತೆಗೆದಿದ್ದರು. ಬಿಸಿಯಾದದ್ದು ರೇಡಿಯೇಟರ್ ಫ್ಯಾನಿನ ರಿಲೇ ಕೆಟ್ಟು. 82 ಡಿಗ್ರಿಯ ಥರ್ಮೋಸ್ಟಾಟ್ ಹಾಕಿ, ರಿಲೇ ಬದಲಿಸಿ ಕೊಟ್ಟೆವು. ಅದೇ ಮಳೆಯಲ್ಲಿ ಮಂಜೇಶ್ವರದವರೆಗೆ ಹೋಗುವುದರೊಳಗೆ ನಾಲ್ಕು ಬಿತ್ತು.

ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳನ್ನು ನಂಬಬೇಡಿ. ತುಂಬ ಗಾಡಿಗಳಲ್ಲಿ ಅದು ಬಿಸಿ ಎಷ್ಟೇ ಆಚೀಚೆ ಆದರೂ ನಡುವಿನಲ್ಲೇ ಕೂತಿರುತ್ತದೆ. ಕೆಲವು ಗಾಡಿಗಳಲ್ಲಿ ಮುಳ್ಳಿಗೆ ಒಂದು ಸೆನ್ಸರ್, ಇಸಿಯುಗೆ ಇನ್ನೊಂದು. ಮುಳ್ಳು ಸರಿ ಇದ್ದು ಇಸಿಯುಗೆ ಹೋಗುವ ಸೆನ್ಸರ್ ಸುಳ್ಳು ಹೇಳುತ್ತಿರಬಹುದು. ಮೊಬೈಲಿಗೆ ಸೇರಿಸುವ ಸಣ್ಣ ಬ್ಲೂಟೂತ್ ಸ್ಕ್ಯಾನರ್ ಸಾಕು, ಇಸಿಯು ಯಾವ ಅಂಕಿ ನೋಡುತ್ತಿದೆ ಅಂತ ತಿಳಿಯುತ್ತದೆ. ಇಸಿಯುವಿನಲ್ಲಿ ಪಿ0128 ಅನ್ನುವ ತಪ್ಪಿನ ಕೋಡ್ ಇದ್ದರೆ ಮೊದಲು ಥರ್ಮೋಸ್ಟಾಟ್ ನೋಡಿ. ಕೋಡ್ ಇಲ್ಲದಿದ್ದರೂ ನೋಡಿ.

ಬಿಸಿಗೂ ಇದಕ್ಕೂ ಸಂಬಂಧ ಇಲ್ಲ ಅಂತಾದರೆ ಅಪ್ಪಣೆ ತಡೆಯುವ ಉಳಿದವರನ್ನು ವಿಚಾರಿಸಬೇಕು. ಓ/ಡಿ ಬಟನ್ನಿನ ವೈರ್ ಲಿವರಿನೊಳಗೆ ಬಗ್ಗಿ ಬಗ್ಗಿ ಸವೆಯುತ್ತದೆ. ಟೊಯೋಟಾದ ಹಳೇ ಗಾಡಿಗಳಲ್ಲಿ ಆ ವೈರ್ ಗಾಡಿಯ ಕಬ್ಬಿಣದ ಮೈಗೆ ತಾಗಿದರೆ ಸಾಕು, ಓವರ್‌ಡ್ರೈವ್ ಬಂದ್. ದೀಪವೂ ಉರಿಯುತ್ತದೆ, ಬಟನ್ ಎಷ್ಟು ಒತ್ತಿದರೂ ಆರುವುದಿಲ್ಲ. ಕ್ರೂಸ್ ಕಂಟ್ರೋಲ್ ಇರುವ ಗಾಡಿಯಲ್ಲಿ ಕ್ರೂಸಿನ ಯೂನಿಟ್ಟಿಗೂ ಓವರ್‌ಡ್ರೈವ್ ತಡೆಯುವ ಅಧಿಕಾರ ಇರುತ್ತದೆ. ಅದರ ಪ್ಲಗ್ ತೆಗೆದು ಒಮ್ಮೆ ಓಡಿಸಿ ನೋಡಬಹುದು. ಥ್ರಾಟಲ್ ಸೆನ್ಸರ್ ಕೆಟ್ಟು, ನೀವು ಕಾಲು ಹಗುರ ಇಟ್ಟರೂ ಅರ್ಧ ಒತ್ತಿದ್ದೀರಿ ಅಂತ ತೋರಿಸಿದರೆ ಇಸಿಯು "ಇವರಿಗೆ ಅವಸರ ಇದೆ" ಅಂದುಕೊಂಡು ಮೂರರಲ್ಲೇ ಹಿಡಿಯುತ್ತದೆ.

ಬಾಕ್ಸಿನ ಬದಿಯಲ್ಲಿ ಕೂತಿರುವ ಇನ್‌ಹಿಬಿಟರ್ ಸ್ವಿಚ್‌ನ್ನು ಮರೆಯಬೇಡಿ. ಲಿವರ್ ಎಲ್ಲಿದೆ ಅಂತ ಇಸಿಯುಗೆ ಹೇಳುವುದು ಅದು. ಬಾಕ್ಸ್ ಒಮ್ಮೆ ಇಳಿಸಿ ಕೂರಿಸಿದ ಗಾಡಿಯಲ್ಲಿ ಅದು ಒಂದು ಕೂದಲಿನಷ್ಟು ಸರಿದಿರಬಹುದು. ನೀವು ಡಿಯಲ್ಲಿ ಇಟ್ಟರೂ ಅದು 2 ಅನ್ನುತ್ತದೆ, ಅಥವಾ ಏನೂ ಅನ್ನುವುದಿಲ್ಲ. ಡ್ಯಾಶ್‌ಬೋರ್ಡಿನ ಡಿ ದೀಪ ನೋಡಿದರೆ ಸುಳಿವು ಸಿಗುತ್ತದೆ. ನಮ್ಮ ಕಡಲ ತೀರದ ಗಾಡಿಗಳಲ್ಲಿ ಈ ಸ್ವಿಚ್ಚಿನ ಕನೆಕ್ಟರ್ ಬಿಚ್ಚಿದರೆ ಪಿನ್ನುಗಳೆಲ್ಲ ಹಸಿರು. ಉಪ್ಪು ಗಾಳಿ, ಮೇಲಿಂದ ಆರು ತಿಂಗಳು ಮಳೆ. ಇನ್ನು ತೋಟದ ಮನೆಗಳಲ್ಲಿ ನಿಲ್ಲಿಸುವ ಗಾಡಿಗಳ ವೈರಿಗೆ ಹೆಗ್ಗಣದ ಕಾಟ. ಅಡಿಕೆ ಕೊಟ್ಟಿಗೆಯ ಪಕ್ಕ ಕಾರು ನಿಲ್ಲಿಸುವವರು ಬಾನೆಟ್ ಎತ್ತಿ ಆಗಾಗ ನೋಡಿ.

ಕೆಲವು ಗಾಡಿಗಳಲ್ಲಿ ನಾಲ್ಕು ಮಾತ್ರ ಅಲ್ಲ, ಹೊರಡುವಾಗಿನ ಎಳೆತವೂ ಇರುವುದಿಲ್ಲ. ನಿಂತಲ್ಲಿಂದ ಅಳುತ್ತ ಹೊರಡುತ್ತದೆ, ಗೇರ್ ಬದಲಾಗುವುದೇ ಇಲ್ಲ. ಇದು ಲಿಂಪ್ ಮೋಡ್. ಇಸಿಯು ಏನೋ ತಪ್ಪು ಕಂಡು, ಬಾಕ್ಸನ್ನು ಒಂದು ಗೇರಿಗೆ ಕಟ್ಟಿಹಾಕಿದೆ. ಹ್ಯುಂಡೈ, ಮಿತ್ಸುಬಿಷಿಯ ನಾಲ್ಕು ಗೇರಿನ ಬಾಕ್ಸುಗಳು ಹಾಗೆ ಮೂರಕ್ಕೆ ಹೋಗಿ ನಿಲ್ಲುತ್ತವೆ. ಕೀ ತೆಗೆದು ಮತ್ತೆ ಹಾಕಿದರೆ ಸ್ವಲ್ಪ ಹೊತ್ತು ಸರಿಯಾಗಿ ಓಡುತ್ತದೆ ಅಂತಾದರೆ ಇನ್ನೂ ಗಟ್ಟಿ ಸುಳಿವು. ಇಲ್ಲಿ ಕೋಡ್ ಓದದೆ ಸ್ಪ್ಯಾನರ್ ಮುಟ್ಟಬಾರದು. ಪಿ0750, ಪಿ0755 ಸೊಲೆನಾಯ್ಡುಗಳ ಕಡೆಗೆ ಬೆರಳು ತೋರಿಸುತ್ತವೆ. ಪಿ0715, ಪಿ0720 ಸ್ಪೀಡ್ ಸೆನ್ಸರುಗಳ ಕಡೆಗೆ. ಪಿ0734 ಬಂದರೆ ಮಾತ್ರ ಸ್ವಲ್ಪ ಹೆದರಬೇಕು. ನಾಲ್ಕಕ್ಕೆ ಹೇಳಿದೆ, ಆದರೆ ಸುತ್ತಿನ ಲೆಕ್ಕ ಸರಿಹೊಂದುತ್ತಿಲ್ಲ ಅಂತ ಇಸಿಯು ತಾನೇ ದೂರು ಕೊಡುತ್ತಿದೆ. ಅಲ್ಲಿ ಅಪ್ಪಣೆ ಹೋಗಿದೆ, ಬಾಕ್ಸ್ ಕೇಳಿಲ್ಲ. ಹಳೇ ಟೊಯೋಟಾಗಳಲ್ಲಿ ಸ್ಕ್ಯಾನರೂ ಬೇಡ. ಡಯಾಗ್ನೋಸ್ಟಿಕ್ ಪೆಟ್ಟಿಗೆಯಲ್ಲಿ ಟಿಇ1, ಇ1 ಎರಡನ್ನೂ ಒಂದು ವೈರಿನಿಂದ ಸೇರಿಸಿದರೆ ಓ/ಡಿ ಆಫ್ ದೀಪವೇ ಮಿನುಗಿ ಕೋಡ್ ಹೇಳುತ್ತದೆ. 62, 63 ಅಂದರೆ ಒಂದನೇ, ಎರಡನೇ ಶಿಫ್ಟ್ ಸೊಲೆನಾಯ್ಡ್. 64 ಲಾಕಪ್ಪಿನದ್ದು. 42, 61 ಸ್ಪೀಡ್ ಸೆನ್ಸರಿನದ್ದು.

ಒಳ್ಳೆಯ ಸ್ಕ್ಯಾನರ್ ಇದ್ದರೆ ಇಸಿಯು ಹೇಳಿದ ಗೇರ್ ಯಾವುದು, ಬಾಕ್ಸಿನಲ್ಲಿ ಇರುವ ಅನುಪಾತ ಎಷ್ಟು, ಎರಡನ್ನೂ ಅಕ್ಕಪಕ್ಕ ನೋಡಬಹುದು. ಹೇಳಿದ್ದು 3 ಅಂತ ಇದ್ದರೆ ಬಾಕ್ಸ್ ಮುಟ್ಟಬೇಡಿ, ಇಸಿಯು ಯಾಕೆ ಹೇಳುತ್ತಿಲ್ಲ ಅಂತ ಹುಡುಕಿ. ಹೇಳಿದ್ದು 4, ಆದರೆ ಅನುಪಾತ ಇನ್ನೂ 1.00 ಅಂತ ಇದ್ದರೆ ಕೆಳಗೆ ಮಲಗುವ ಹೊತ್ತು ಬಂತು.

ಸ್ಕ್ಯಾನರ್ ಇಲ್ಲದೆಯೂ ಇದನ್ನೇ ತಿಳಿಯುವ ದಾರಿ ಒಂದಿದೆ. ನಾನು ಇದನ್ನು ಕಲಿತದ್ದು ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದ ಗ್ಯಾರೇಜಿನಲ್ಲಿ. ಇಲ್ಲಿರುವ ಅರ್ಧ ಜನಕ್ಕೆ ಆ ಜಾಗ ಗೊತ್ತು. ಅಲ್ಲಿ ಎ340 ಜಾತಿಯ ಬಾಕ್ಸುಗಳಿಗೆ ಬರ ಇರಲಿಲ್ಲ. ನಮ್ಮ ಉಸ್ತಾದ್ ಪೇಶಾವರ ಕಡೆಯವರು. ನಾಲ್ಕು ಬೀಳದ ಗಾಡಿ ಬಂದರೆ ಅವರು ಮೊದಲು ಮಾಡುತ್ತಿದ್ದ ಕೆಲಸ ಬಾಕ್ಸಿನ ಸೊಲೆನಾಯ್ಡ್ ಪ್ಲಗ್ ಕಿತ್ತು ಗಾಡಿ ಓಡಿಸುವುದು. ಯಾಕೆ ಅಂತ ನೋಡಿ. ಎ340ಇಯಲ್ಲಿ ಗೇರ್ ಬದಲಿಸುವ ಸೊಲೆನಾಯ್ಡ್ ಎರಡು. ಒಂದನೇ ಗೇರಿಗೆ ಮೊದಲನೆಯದಕ್ಕೆ ಮಾತ್ರ ಕರೆಂಟ್. ಎರಡನೇ ಗೇರಿಗೆ ಎರಡೂ ಸೊಲೆನಾಯ್ಡಿಗೆ ಕರೆಂಟ್. ಮೂರಕ್ಕೆ ಎರಡನೆಯದಕ್ಕೆ ಮಾತ್ರ. ನಾಲ್ಕಕ್ಕೆ ಎರಡಕ್ಕೂ ಕರೆಂಟ್ ಇಲ್ಲ. ಅಂದರೆ ಪ್ಲಗ್ ಕಿತ್ತರೆ ಡಿಯಲ್ಲಿ ಬಾಕ್ಸ್ ತಾನಾಗಿಯೇ ನಾಲ್ಕಕ್ಕೆ ಹೋಗಬೇಕು. ಲಿವರ್ 2ರಲ್ಲಿಟ್ಟರೆ ಮೂರು, ಎಲ್‌ನಲ್ಲಿಟ್ಟರೆ ಒಂದು. ಟೊಯೋಟಾದ ರಿಪೇರಿ ಪುಸ್ತಕದಲ್ಲೂ ಈ ಟೆಸ್ಟ್ ಇದೆ. ಎಲ್‌ನಲ್ಲಿ ಹೊರಟು, ವೇಗ ಏರಿದ ಮೇಲೆ 2, ಆಮೇಲೆ ಡಿ. ಮುಳ್ಳು ನಾಲ್ಕರ ಅಂಕಿಗೆ ಇಳಿಯಿತಾ? ಹಾಗಾದರೆ ಓವರ್‌ಡ್ರೈವ್ ಬ್ರೇಕ್, ಅದರ ಸೀಲ್, ಎಣ್ಣೆಯ ಒತ್ತಡ, ವಾಲ್ವ್, ಎಲ್ಲ ಜೀವಂತ ಇವೆ. ತಪ್ಪು ವೈರಿನಲ್ಲಿ, ಸೆನ್ಸರಿನಲ್ಲಿ ಅಥವಾ ಇಸಿಯುವಿನಲ್ಲಿ. ಬಾಕ್ಸ್ ಇಳಿಸುವ ಮಾತೇ ಇಲ್ಲ.

ಯಾವ ಗೇರಿಗೆ ಯಾವ ಸೊಲೆನಾಯ್ಡಿಗೆ ಕರೆಂಟ್ ಅನ್ನುವ ಇದೇ ಚಾರ್ಟಿನಿಂದ ಇನ್ನೊಂದು ವಿಷಯ ಹೊರಡುತ್ತದೆ. ಈ ಬಾಕ್ಸಿನಲ್ಲಿ ಸೊಲೆನಾಯ್ಡಿನ ವೈರ್ ಕಡಿದರೆ ಓವರ್‌ಡ್ರೈವ್ ಹೋಗುವುದೇ ಇಲ್ಲ. ಹೋಗುವುದು ಕೆಳಗಿನ ಗೇರುಗಳು. ಹಾಗಾಗಿ ನಾಲ್ಕು ಮಾತ್ರ ಹೋದ ಗಾಡಿಗೆ ಸುಮ್ನೆ ಸೊಲೆನಾಯ್ಡ್ ಬದಲಿಸುವುದು ದುಡ್ಡು ದಂಡ. ಎರಡನೇ ಸೊಲೆನಾಯ್ಡಿನ ಬಾಯಿಯಲ್ಲಿ ಕಸ ಕೂತು ಅದು ಮುಚ್ಚದೆ ಸೋರುತ್ತಿದ್ದರೆ ಮಾತ್ರ ಗಾಡಿ ಮೂರರಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಅದು ಮೀಟರಿನಲ್ಲಿ ಕಾಣುವುದಿಲ್ಲ. ಕಾಯಿಲಿನ ರೆಸಿಸ್ಟೆನ್ಸ್ 11ರಿಂದ 15 ಓಮ್ ಅಂತ ಸರಿಯಾಗಿಯೇ ತೋರಿಸುತ್ತದೆ.

ಆದರೆ ಈ ಪ್ಲಗ್ ಕೀಳುವ ಟೆಸ್ಟ್ ಎಲ್ಲ ಗಾಡಿಗೂ ಅನ್ವಯ ಆಗುವುದಿಲ್ಲ. ಜನರಲ್ ಮೋಟರ್ಸ್‌ನ ಟಾಹೋ, ಯೂಕಾನ್ ಗಾಡಿಗಳಲ್ಲಿ ಬರುತ್ತಿದ್ದ 4ಎಲ್60ಇಯಲ್ಲಿ ಎರಡೂ ಸೊಲೆನಾಯ್ಡ್ ಆಫ್ ಆದರೆ ಸಿಗುವುದು ಮೂರನೇ ಗೇರ್. ಅಲ್ಲಿ ಪ್ಲಗ್ ಕಿತ್ತು "ನಾಲ್ಕು ಬರಲಿಲ್ಲ, ಬಾಕ್ಸ್ ಹೋಗಿದೆ" ಅಂದರೆ ಗಿರಾಕಿಗೆ ಅನ್ಯಾಯ. ನಿಮ್ಮ ಕೈಯಲ್ಲಿರುವ ಬಾಕ್ಸಿನ ಸೊಲೆನಾಯ್ಡ್ ಚಾರ್ಟ್ ಮೊದಲು ಹುಡುಕಿ, ಆಮೇಲೆ ಟೆಸ್ಟ್.

ಅಪ್ಪಣೆ ಬಂದಿದೆ, ಬಾಕ್ಸ್ ಕೇಳುತ್ತಿಲ್ಲ ಅಂತ ಗೊತ್ತಾದ ಮೇಲೂ ನೇರ ಇಳಿಸಬೇಡಿ. ಎಣ್ಣೆ ನೋಡಿ. ಡಿಪ್‌ಸ್ಟಿಕ್ ಇರುವ ಹೆಚ್ಚಿನ ಗಾಡಿಗಳಲ್ಲಿ ಬಾಕ್ಸ್ ಬಿಸಿಯಾಗಿ, ಎಂಜಿನ್ ಸ್ಟಾರ್ಟ್‌ನಲ್ಲಿದ್ದು, ಲಿವರ್ ಪಿಯಲ್ಲಿರುವಾಗ ನೋಡಬೇಕು. ಹೋಂಡಾದಲ್ಲಿ ಎಂಜಿನ್ ನಿಲ್ಲಿಸಿ ನೋಡಬೇಕು. ಎಂಜಿನ್ ಆಯಿಲಿನ ಅಭ್ಯಾಸದಲ್ಲಿ ಎಲ್ಲದಕ್ಕೂ ತಣ್ಣಗೆ ನೋಡಿ, ಕಡಿಮೆ ಇದೆ ಅಂತ ಸುರಿದರೆ ಎಣ್ಣೆ ಜಾಸ್ತಿಯಾಗಿ ನೊರೆ ಬರುತ್ತದೆ. ನೊರೆಗೆ ಒತ್ತಡ ಇಲ್ಲ. ಯಾವ ಎಟಿಎಫ್, ಅಂದರೆ ಆಟೋಮ್ಯಾಟಿಕ್ ಬಾಕ್ಸಿನ ಎಣ್ಣೆ, ಅನ್ನುವುದೂ ಮುಖ್ಯ. ಟೊಯೋಟಾ ಡಬ್ಲ್ಯುಎಸ್ ಕೇಳುವಲ್ಲಿ ಡೆಕ್ಸ್‌ರಾನ್ ಹಾಕಿ, ಎರಡೂ ಕೆಂಪಲ್ವಾ ಅನ್ನಬಾರದು.

ಆಮೇಲೆ ಕೆಳಗಿನ ಪ್ಯಾನ್ ಬಿಚ್ಚಿ. ಒಳಗಿನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆ ಕೆಸರು ಅಂಟಿದ್ದರೆ ಹೆದರಬೇಡಿ, ಓಡಿದ ಗಾಡಿಯಲ್ಲಿ ಅದು ಇದ್ದೇ ಇರುತ್ತದೆ. ಕಪ್ಪು ಪುಡಿ, ಸುಟ್ಟ ವಾಸನೆ ಇದ್ದರೆ ಕ್ಲಚ್ ಸವೆದಿದೆ. ಕಬ್ಬಿಣದ ಚೂರು ಇದ್ದರೆ ಗೇರ್, ಬೇರಿಂಗ್‌ಗಳೂ ಸವೆದಿರಬಹುದು. ಪ್ಯಾನ್ ಶುದ್ಧ ಇದ್ದರೆ ವಾಲ್ವುಗಳು ಕೂತಿರುವ ವಾಲ್ವ್ ಬಾಡಿ ಇಳಿಸಿ ನೋಡಿ. ಹಿಂದಿನ ಚಕ್ರ ಓಡಿಸುವ ಹೆಚ್ಚಿನ ಬಾಕ್ಸುಗಳಲ್ಲಿ ಅದು ಪ್ಯಾನಿನ ಮೇಲೆಯೇ ಇರುತ್ತದೆ, ಬಾಕ್ಸ್ ಗಾಡಿಯಲ್ಲಿರುವಾಗಲೇ ಕೈಗೆ ಸಿಗುತ್ತದೆ. 3–4 ಶಿಫ್ಟ್ ವಾಲ್ವ್ ತನ್ನ ತೂತಿನಲ್ಲಿ ಸಲೀಸಾಗಿ ಜಾರಬೇಕು. ಸಿಕ್ಕಿಹಾಕಿಕೊಂಡಿದ್ದರೆ ನಿಮ್ಮ ಕಳ್ಳ ಅವನೇ.

ಇನ್ನೂ ಬಾಕ್ಸ್ ಇಳಿಸಲೇಬೇಕಾ ಅನ್ನುವ ಅನುಮಾನ ಇದ್ದರೆ, ನಾಲ್ಕರ ಜೊತೆಗೆ ಬೇರೆ ಯಾವ ಗೇರ್ ಹೋಗಿದೆ ಅಂತ ನೋಡಿ. 4ಎಲ್60ಇಯಲ್ಲಿ ಒಂದು ಬ್ಯಾಂಡ್, ಅಂದರೆ ಡ್ರಮ್ಮನ್ನು ಸುತ್ತಿ ಹಿಡಿಯುವ ಪಟ್ಟಿ, ಎರಡಕ್ಕೂ ನಾಲ್ಕಕ್ಕೂ ದುಡಿಯುತ್ತದೆ. ಒಂದು ಕ್ಲಚ್ ಮೂರಕ್ಕೂ ನಾಲ್ಕಕ್ಕೂ ದುಡಿಯುತ್ತದೆ. ಎರಡು ಮತ್ತು ನಾಲ್ಕು ಒಟ್ಟಿಗೆ ಹೋದರೆ ಬ್ಯಾಂಡ್. ಮೂರು ಮತ್ತು ನಾಲ್ಕು ಹೋದರೆ ಕ್ಲಚ್. ಎ340ರ ಓವರ್‌ಡ್ರೈವ್ ಬ್ರೇಕ್ ನಾಲ್ಕಕ್ಕೆ ಮಾತ್ರ ದುಡಿಯುತ್ತದೆ, ಅದು ಹೋದರೆ ನಾಲ್ಕು ಮಾತ್ರ ಹೋಗುತ್ತದೆ. ಬಾಕ್ಸ್ ಬಿಚ್ಚದೆಯೇ ಒಳಗೆ ಏನು ಕೆಟ್ಟಿದೆ ಅಂತ ಹೇಳುವವರನ್ನು ಕಂಡು ಮಂತ್ರವಾದಿ ಅಂದುಕೊಳ್ಳಬೇಡಿ. ಅವರ ಹತ್ತಿರ ಈ ಪಟ್ಟಿ ಇರುತ್ತದೆ, ಅಷ್ಟೇ.

ಸ್ಟಾಲ್ ಟೆಸ್ಟ್ ಬಗ್ಗೆ ಒಬ್ಬರು ಕೇಳಿದರು. ಬ್ರೇಕ್ ಒತ್ತಿ ಹಿಡಿದು, ಡಿಯಲ್ಲಿ ಫುಲ್ ಆಕ್ಸಿಲರೇಟರ್ ಕೊಡುವುದು. ಓವರ್‌ಡ್ರೈವ್ ಹುಡುಕಲು ಅದು ದಂಡ. ಗಾಡಿ ನಿಂತಿರುವಾಗ ಬಾಕ್ಸ್ ಒಂದನೇ ಗೇರಿನಲ್ಲಿರುತ್ತದೆ, ನಾಲ್ಕರ ಸುದ್ದಿ ಅದಕ್ಕೆ ಗೊತ್ತೇ ಇಲ್ಲ. ಐದು ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಎಣ್ಣೆ ಸುಡುವುದಂತೂ ಖಂಡಿತ.

"ನನ್ನದು ಎಎಂಟಿ, ಐದನೇ ಗೇರ್ ಬೀಳುತ್ತಿಲ್ಲ" ಅಂದರು ಇನ್ನೊಬ್ಬರು. ಅದು ಬೇರೆಯೇ ಜಾತಿ. 2014ರಲ್ಲಿ ಸೆಲೆರಿಯೋ ಬಂದ ಮೇಲೆ ನಮ್ಮಲ್ಲಿ ಹಬ್ಬಿದ ಎಎಂಟಿ ಅಂದರೆ ಮ್ಯಾನುಯಲ್ ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಹಾಕುವ ಕೈಕಾಲು ಮಾತ್ರ ಯಂತ್ರದ್ದು. ಸಿವಿಟಿ ಅನ್ನುವ ಇನ್ನೊಂದು ಬಗೆಯ ಆಟೋಮ್ಯಾಟಿಕ್‌ನಲ್ಲಿ ಹೀಗೆ ಒಂದು, ಎರಡು ಅನ್ನುವ ಗೇರುಗಳೇ ಇಲ್ಲ. ನಾನು ಹೇಳಿದ ಪರೀಕ್ಷೆಗಳನ್ನು ಅವಕ್ಕೆ ಮಾಡಬೇಡಿ. ಅಪ್ಪಣೆ ಬಂದಿದೆಯಾ ಅನ್ನುವ ಪ್ರಶ್ನೆಯನ್ನು ಮಾತ್ರ ಅಲ್ಲೂ ಕೇಳಬಹುದು.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು ಅಕ್ಕ ಕೇಳಿದರು, "ರಿಪೇರಿ ಆಗುವವರೆಗೆ ಓಡಿಸಬಹುದಾ?" ನಾಲ್ಕು ಬೀಳುವುದೇ ಇಲ್ಲ, ಮೂರು ಗಟ್ಟಿಯಾಗಿ ಹಿಡಿಯುತ್ತದೆ ಅಂತಾದರೆ ಓಡಿಸಬಹುದು. 60ರ ಆಸುಪಾಸಿನಲ್ಲಿ ಹೋಗಿ, ಪೆಟ್ರೋಲಿಗೆ ಸ್ವಲ್ಪ ಜಾಸ್ತಿ ದುಡ್ಡು ಇಟ್ಟುಕೊಳ್ಳಿ. ನಾಲ್ಕು ಬಿದ್ದು ಜಾರುತ್ತದೆ, ಅಂದರೆ ಮುಳ್ಳು ಇಳಿದು ಮತ್ತೆ ತಾನಾಗಿ ಏರುತ್ತದೆ ಅಂತಾದರೆ, ಪ್ರತಿ ಸಲ ಜಾರಿದಾಗಲೂ ಒಳಗೆ ಕ್ಲಚ್ ಸುಡುತ್ತಿರುತ್ತದೆ. ಆ ಪುಡಿ ಎಣ್ಣೆಯಲ್ಲಿ ಸೇರಿ ಇಡೀ ಬಾಕ್ಸ್ ಸುತ್ತುತ್ತದೆ. ಹಾಗಿದ್ದರೆ ಈಗಲೇ ಓ/ಡಿ ಬಟನ್ ಒತ್ತಿ ಓವರ್‌ಡ್ರೈವ್ ಬಂದ್ ಮಾಡಿ, ದೀಪ ಉರಿಯುತ್ತಿದೆ ಅಂತ ನೋಡಿಕೊಂಡು ಮೂರರಲ್ಲೇ ಮನೆಗೆ ಹೋಗಿ. ವರ್ಕ್‌ಶಾಪಿಗೆ ತರುವಾಗಲೂ ಹಾಗೆಯೇ ತನ್ನಿ.